ಮದುವೆಯ ರಜಾಯಿಯಲ್ಲಿ ನೆಲೆಸಿರುವವರಿಗೆ

ನನ್ನ ಮದುವೆಯ ಹತ್ತಿ ರಜಾಯಿಯಲ್ಲಿ ಸಂಸಾರ ಹೂಡಿರುವ ಸಮಸ್ತ ಧೂಳುಹುಳುಗಳ ಸನ್ನಿಧಿಗೆ, ತೈವಾನಿನ ಕೀಲುಂಗ್ ಬಂದರಿನ ಮೇಲಿನ ಓಣಿಯಿಂದ ಲಾಯ್ ಚಿಯು-ಮೇ ಎಂಬ ಮುದುಕಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವೆಲ್ಲ ಮಕ್ಕಳುಮರಿಗಳೊಂದಿಗೆ ಕ್ಷೇಮವೆಂದು ಕಣ್ಣಿನ ವೈದ್ಯರಾದ ವೆನ್ ಅವರಿಂದ ತಿಳಿಯಿತು. ಒಂದೇ ಮನೆಯಲ್ಲಿದ್ದೂ ಇಷ್ಟು ಕಾಲ ತಮ್ಮನ್ನು ವಿಚಾರಿಸದೆ ಇದ್ದುದಕ್ಕೆ ಮನ್ನಿಸಬೇಕು. ತಾವು ಕಣ್ಣಿಗೆ ಬೀಳುವ ಗಾತ್ರದವರಲ್ಲ, ನಾನೂ ಹತ್ತಿರದ್ದನ್ನು ಕಾಣುವ ವಯಸ್ಸಿನವಳಲ್ಲ.

ತಮ್ಮ ನಿವಾಸ ಸಾಮಾನ್ಯದ್ದಲ್ಲ. ನನ್ನ ತಾಯಿ ಹತ್ತಿಯ ಮೇಲೆ ಕೆಂಪು ನೂಲಿನಲ್ಲಿ ಶುಭಾಕ್ಷರ ಹಾಕಿಸಿ ಕೊಟ್ಟದ್ದು. ಇಂಥದ್ದನ್ನು ನಮ್ಮಲ್ಲಿ ಯಾರೂ ಎಸೆಯುವುದಿಲ್ಲ. ಹತ್ತಿ ಗಂಟುಕಟ್ಟಿದರೆ ಹಿಂಜಿಸಿ ಮತ್ತೆ ಹೊದೆಯುತ್ತೇವೆ. ಒಗೆಯುವಂತಿಲ್ಲ, ಬಿಸಿಲಿಗೆ ಹಾಕೋಣವೆಂದರೆ ಈ ಊರಿನ ಮಳೆ ಬಿಡುವುದಿಲ್ಲ. ತಮ್ಮ ವಂಶಾಭಿವೃದ್ಧಿಗೆ ಇದಕ್ಕಿಂತ ಒಳ್ಳೆಯ ಏರ್ಪಾಟನ್ನು ಯಾವ ಸರ್ಕಾರವೂ ಮಾಡಲಾರದು. ಮೊಮ್ಮಗಳು ಯೂ-ಚಿಂಗ್ ತೊಟ್ಟಿಲಿನಿಂದ ಮಂಚಕ್ಕೆ ಬಂದಾಗ ಅದನ್ನು ಪ್ರೀತಿಯಿಂದ ಅವಳಿಗೆ ಹೊದಿಸಿದೆ, ತಮ್ಮೆಲ್ಲರ ಸಮೇತ.

ಅವಳ ಕಣ್ಣು ಸದಾ ಕೆಂಪು, ಸದಾ ತುರಿಕೆ. ಕನ್ನಡಕದ ಗಾಜು ಪ್ರತಿ ತಪಾಸಣೆಗೂ ದಪ್ಪವಾಗುತ್ತ ಹೋಯಿತು. ತಪ್ಪೆಲ್ಲ ಪುಸ್ತಕದ್ದೆಂದು ನಾವು ಒಮ್ಮತದಿಂದ ತೀರ್ಮಾನಿಸಿದೆವು. "ಓದಿದ್ದು ಸಾಕು ಕಣೇ, ಕಣ್ಣು ಹೋದ್ಮೇಲೆ ಏನ್ ಓದ್ತೀಯ?" ಎಂದು ಸೊಸೆ ಶು-ಹ್ವೆ ಚಿತ್ರಕಥೆ ಪುಸ್ತಕಗಳನ್ನೆಲ್ಲ ಅಕ್ಕಿ ಡಬ್ಬದ ಹಿಂದೆ ಅಡಗಿಸಿದಳು. ಕಣ್ಣಿಗೆ ವಿಶ್ರಾಂತಿ ಸಿಗಲೆಂದು ಊಟವಾದ ಕೂಡಲೇ ಮಲಗಿಸಿ, ರಜಾಯಿಯನ್ನು ಮೂಗಿನವರೆಗೆ ಎಳೆಯುವ ಹೊಣೆ ನನ್ನದಾಯಿತು. "ಅಮಾ, ಇದ್ರೊಳಗೆ ಕಣ್ಣು ಇನ್ನೂ ಕಡಿಯತ್ತೆ" ಎಂದು ಮೊಮ್ಮಗಳು ಈ ಅಜ್ಜಿಗೆ ಹೇಳುತ್ತಿದ್ದಳು. "ಕಳ್ಳಿ, ಮಲಗ್ದೇ ಇರೋಕೆ ನೂರು ನೆಪ ನಿಂಗೆ" ಅನ್ನುತ್ತಿದ್ದೆ. ತಮಗೆ ನಗು ಬಂದಿರಬೇಕು. ಕೇಳಿಸುವಂತೆ ನಗದೆ ಇದ್ದದ್ದು ತಮ್ಮ ದೊಡ್ಡಸ್ತಿಕೆ.

ಇನ್ನು, ಈಚೆಗೆ ನಡೆದದ್ದನ್ನು ಅರಿಕೆ ಮಾಡಿಕೊಳ್ಳದೆ ವಿಧಿಯಿಲ್ಲ. ನನ್ನ ಮಗ ಸರಕು ಹಡಗಿನಲ್ಲಿ ಅಡುಗೆಯವನು. ಬಂದರು ಬಿಡುವಾಗ ಹಿಂಬದಿಯ ಕಟಕಟೆಯಲ್ಲಿ ನಿಂತು ಕೆಂಪು ಟವೆಲ್ ಬೀಸುತ್ತಾನೆ, ಮಗಳು ನಮ್ಮ ಮಹಡಿಯಿಂದ ಕೈ ಬೀಸುತ್ತಾಳೆ. ಮುಂದೆ ತಿಂಗಳುಗಟ್ಟಲೆ ಅವರಿಬ್ಬರಿಗೆ ಅದೇ ಬುತ್ತಿ. ಈ ಸಲ ಅವಳು ಕಣ್ಣುಜ್ಜುತ್ತ ಬಂದು, ಬೇರೊಂದು ಹಡಗಿಗೆ ಮನಸಾರೆ ಕೈ ಬೀಸಿದಳು. ಅಪ್ಪ ಅತ್ತ ಟವೆಲ್ ಬೀಸುತ್ತಲೇ ಹೋದ. ನಾನು ಭುಜ ಹಿಡಿದು ತಿರುಗಿಸುವಷ್ಟರಲ್ಲಿ ಹಡಗು ಗುಡ್ಡದ ಮರೆಗೆ ಸರಿದಿತ್ತು. "ಹೋಗ್ಲಿ ಬಿಡು ಅಮಾ, ಆ ಹಡಗಲ್ಲೂ ಯಾರ್ದೋ ಅಪ್ಪ ಇರ್ತಾರಲ್ಲ" ಎಂದು ಅವಳೇ ನನ್ನನ್ನು ಸಮಾಧಾನಪಡಿಸಿದಳು.

ಮರುದಿನ ವೆನ್ ಡಾಕ್ಟರು ಅವಳ ರೆಪ್ಪೆ ಮಗುಚಿ ನೋಡಿ, "ಏನು ಹೊದ್ಕೊಂಡು ಮಲಗ್ತಾಳೆ?" ಎಂದು ಕೇಳಿದರು. ತಮ್ಮಿಂದಾಗುವ ಅಲರ್ಜಿಯ ಉರಿಯೂತ ಬಹುಕಾಲ ಕಣ್ಣಲ್ಲಿ ಬೀಡುಬಿಟ್ಟರೆ ಕಣ್ಣುಗುಡ್ಡೆಯ ಗೋಡೆ ಸಡಿಲಗೊಂಡು ಉದ್ದಕ್ಕೆ ಬೆಳೆಯಬಹುದು, ದೂರದ್ದು ಮಸುಕಾಗಬಹುದು ಎಂದು ಬಲ್ಲವರು ಶಂಕಿಸುತ್ತಾರಂತೆ. "ಇದೊಂದೇ ಕಾರಣ ಅಂತ ನಾನು ಹೇಳಲ್ಲ ಅಮಾ. ಓದೂ ಇದೆ, ಯಾವಾಗ್ಲೂ ಮನೆಯೊಳಗೇ ಇರೋದೂ ಇದೆ. ಆದ್ರೆ ಈ ಉರಿ ಮೊದ್ಲು ಆರ್ಬೇಕು" ಎಂದರು. ಒಮ್ಮೆ ಬೆಳೆದ ಗುಡ್ಡೆ ಮತ್ತೆ ಕುಗ್ಗುವುದಿಲ್ಲವಂತೆ. ಇಷ್ಟು ಚಿಕ್ಕವರಾಗಿದ್ದುಕೊಂಡು ಅಷ್ಟು ದೊಡ್ಡ ಹಡಗನ್ನೇ ಅಳಿಸಬಲ್ಲ ತಮ್ಮ ಸಾಮರ್ಥ್ಯಕ್ಕೆ ಬಂದರಿನವರು ಶಾಲು ಹೊದಿಸಿ ಸನ್ಮಾನ ಮಾಡಬೇಕು. ಶಾಲಿನಲ್ಲೂ ತಮಗೆ ಅನುಕೂಲವಾದೀತು.

ಈಗಾಗಲೇ ಕೊಂಡೊಯ್ದದ್ದನ್ನು ಹಿಂದಿರುಗಿಸಿರೆಂದು ನಾನು ಕೇಳುವುದಿಲ್ಲ. ಎಲ್ಲಿಯವರೆಗೆ ಮಸುಕು ಮಾಡಿದ್ದೀರೋ ಅಲ್ಲಿಗೇ ದಯಮಾಡಿ ನಿಲ್ಲಿಸಿ. ದೀಪಸ್ತಂಭವನ್ನು ಬೇಕಾದರೆ ಇಟ್ಟುಕೊಳ್ಳಿ, ಎದುರು ದಂಡೆಯ ಗುಡ್ಡವನ್ನೂ ಇಟ್ಟುಕೊಳ್ಳಿ. ಒಂದು ಟವೆಲಿನಷ್ಟು ಕೆಂಪನ್ನು ಮಾತ್ರ ಮಗುವಿಗೆ ಬಿಡಿ.

ಇಂದಿನಿಂದ ತಮ್ಮನ್ನು ಹೊದ್ದು ಮಲಗುವ,
ತಮ್ಮ ವಿಶ್ವಾಸಿ,
ಲಾಯ್ ಚಿಯು-ಮೇ

ಮರೆತ ಮಾತು: ಅವಳಿಗೆ ಬಿಸಿನೀರಲ್ಲಿ ಒಗೆಯಬಹುದಾದ ಹೊಸ ಹೊದಿಕೆ ತಂದಿದ್ದೇವೆ, ರಜಾಯಿ ತಮ್ಮೆಲ್ಲರ ಸಮೇತ ನನ್ನ ಮಂಚಕ್ಕೆ ಬಂದಿದೆ. ನನಗೆ ಕೈಯಲ್ಲಿರುವ ಸೂಜಿ ಕಾಣದು, ಬಂದರಿನಾಚೆಯ ಹಡಗು ಮಾತ್ರ ಸ್ಪಷ್ಟ. ತಮ್ಮ ಕಸಬಿಗೆ ಇಲ್ಲಿ ಬೇಕಾದಷ್ಟು ಅವಕಾಶವಿದೆ. ಆದರೆ ಮಗ ಮತ್ತೊಮ್ಮೆ ಬಂದು ಹೊರಡುವ ತನಕ ಕೆಲಸ ಶುರುಮಾಡಬೇಡಿ. ಯಾವ ಹಡಗೆಂದು ಅವಳ ಭುಜ ತಿರುಗಿಸಲು ಈ ಮನೆಯಲ್ಲಿ ದೂರ ಕಾಣುವವರು ಒಬ್ಬರಾದರೂ ಇರಬೇಕು.