ಹೆಚ್ಚಾದ ನೋವಿಗೆ ಕಲಂ ಇಲ್ಲ

ನಮ್ಮ ನಿಜ್ನೆಲೂಗ್ ಪಟ್ಟಣದ ಸರ್ಕಾರಿ ಚಿಕಿತ್ಸಾಲಯದಲ್ಲಿ ಕಳೆದ ಮಾರ್ಚ್ ಒಂದನೇ ತಾರೀಖಿನಿಂದ ಮುಖದ ನೋವನ್ನು ರದ್ದುಪಡಿಸಲಾಗಿದೆ. ಆದೇಶದ ಪ್ರತಿ ಬಾಗಿಲಿಗೇ ಅಂಟಿಸಿದೆ.

ಸದರಿ ದಿನ ನಮಗೆ ಆರುನೂರು ಮುಳ್ಳಿನ ರೋಲರುಗಳು ಬಂದವು. ಹಿಡಿಕೆಯ ತುದಿಗೆ ಹೆಬ್ಬೆರಳಷ್ಟು ದಪ್ಪನೆಯ ಉರುಳೆ, ಅದರ ಮೈತುಂಬ ಲೋಹದ ಮುಳ್ಳು. ಮುಖದ ಮೇಲೆ ಉರುಳಿಸಿದರೆ ನೋವೂ ಹೋಗುತ್ತದೆ, ಚರ್ಮವೂ ಹೊಳೆಯುತ್ತದೆ ಎಂದು ಡಬ್ಬಿಯ ಮೇಲೆ ಅಚ್ಚಾಗಿತ್ತು. ಅಚ್ಚಾಗಿದ್ದನ್ನು ನಂಬದಿರಲು ಮುಖ್ಯ ವೈದ್ಯರಾದ ರೊದಿಯೋನ್ ಸವೇಲ್ಯೆವಿಚ್ ಅವರಿಗೆ ಕಾರಣ ಕಾಣಲಿಲ್ಲ. ರೋಲರ್ ತಯಾರಿಸುವವರು ಅವರ ಬಾವಮೈದುನ. ನೋವೇ ಇಲ್ಲವೆಂದ ಮೇಲೆ ನರರೋಗ ತಜ್ಞರ ಹುದ್ದೆಯನ್ನೂ ತೆಗೆದೆವು. ಆ ಕೋಣೆಯಲ್ಲಿ ಈಗ ಡಬ್ಬಿಗಳಿವೆ.

ಏಪ್ರಿಲಿನಲ್ಲಿ ಟ್ರಾಮ್ ಕಂಡಕ್ಟರ್ ಕಪಿತೊಲೀನಾ ಯೆಗೊರೊವ್ನಾ ನನ್ನ ನೋಂದಣಿ ಕಿಂಡಿಗೆ ಬಂದರು. ಐವತ್ತಾರು ವಯಸ್ಸು. ಎಡಗೆನ್ನೆಯಲ್ಲಿ ಕರೆಂಟು ಹೊಡೆದಂಥ ನೋವು. ಟ್ರಾಮಿನ ಬಾಗಿಲು ತೆರೆದು ಗಾಳಿ ತಾಗಿದರೆ ಸಾಕು, ಕಂಬಿ ಹಿಡಿದು ನಿಂತುಬಿಡುತ್ತಿದ್ದರು. ಬ್ರೆಡ್ಡನ್ನು ಸೂಪಿನಲ್ಲಿ ನೆನೆಸಿ ನುಂಗುತ್ತಿದ್ದರು. ನಿಯಮದಂತೆ ರೋಲರ್ ಕೊಟ್ಟೆ.

ಹತ್ತು ದಿನದ ಮೇಲೆ ಕೆನ್ನೆತುಂಬ ಕೆಂಪು ಚುಕ್ಕೆ ಹೊತ್ತು ಬಂದರು. ಬಾಯಿಯ ಬಲತುದಿಯಿಂದಷ್ಟೇ ಮಾತು.

"ಫಾಯಿನಾ, ಇದ್ರಿಂದ ಇನ್ನೂ ಜಾಸ್ತಿ ಆಯ್ತು ಕಣೇ. ಜಿಲ್ಲಾ ಆಸ್ಪತ್ರೆ ನರದ ಡಾಕ್ಟ್ರಿಗೆ ಒಂದು ಚೀಟಿ ಬರ್ಕೊಡು."

"ಚೀಟಿಗೆ ಮುಂಚೆ ಈ ನಮೂನೆ ತುಂಬ್ಬೇಕು."

ನಮೂನೆಯಲ್ಲಿ ಎರಡೇ ಕಲಂ: 'ನೋವು ಕಡಿಮೆಯಾಗಿದೆ', 'ನೋವು ಪೂರ್ತಿ ಹೋಗಿದೆ'.

"ಜಾಸ್ತಿ ಆಗಿದೆ ಅನ್ನೋದೆಲ್ಲಿ?"

"ಅದು ಅಚ್ಚಾಗಿಲ್ಲ."

"ಹಾಗಾದ್ರೆ ನಂಗೇನಾಗಿದೆ?"

"ಕಡಿಮೆಯಾಗಿದೆ."

ಅವರು ಮುಖ್ಯ ವೈದ್ಯರಿಗೆ ದೂರು ಕೊಟ್ಟರು. ಮೂವರ ಸಮಿತಿ ಕೂತು ಅವರ ಮುಖವನ್ನು ಟೇಪಿನಲ್ಲಿ ಅಳೆಯಿತು. ವರದಿ ಹೀಗಿತ್ತು: "ಸದರಿ ಮಹಿಳೆಯ ಸುಕ್ಕುಗಳು ಗಮನಾರ್ಹವಾಗಿ ತಗ್ಗಿವೆ. ನಗುವುದು, ಅಗಿಯುವುದು, ಮಾತಾಡುವುದು ಮುಂತಾದ ಸುಕ್ಕುಕಾರಕ ಅಭ್ಯಾಸಗಳನ್ನು ಆಕೆ ಸ್ವಂತ ಇಚ್ಛೆಯಿಂದ ತ್ಯಜಿಸಿರುವುದು ಶ್ಲಾಘನೀಯ."

ಅವರ ಕಡತ ನೋವಿನಿಂದ ಚರ್ಮಪೋಷಣೆ ವಿಭಾಗಕ್ಕೆ ವರ್ಗವಾಯಿತು. ಚರ್ಮಪೋಷಣೆಯವರಿಗೆ ಚೀಟಿ ಕೊಡುವ ಅವಕಾಶವಿಲ್ಲ. ಬದಲಿಗೆ ಅವರ ಫೋಟೋ ತೆಗೆದು ಗೋಡೆಗೆ ಹಾಕಿದೆವು.

"ಕಣ್ಣಲ್ಲಿ ನೀರು ಬಂದಿದೆ ಇದ್ರಲ್ಲಿ," ಎಂದರು ಕಪಿತೊಲೀನಾ.

"ಅದನ್ನ ಕಾಂತಿ ಅಂತಾರೆ," ಎಂದರು ರೊದಿಯೋನ್ ಸವೇಲ್ಯೆವಿಚ್.

ಕಪಿತೊಲೀನಾ ಚೀಟಿಯಿಲ್ಲದೆಯೇ ಎರಡು ಸಲ ಬಸ್ಸು ಹತ್ತಿ ಜಿಲ್ಲಾ ಆಸ್ಪತ್ರೆಗೆ ಹೋಗಿ ಬಂದರು. ಎರಡು ಸಲವೂ ಗೇಟಿನಿಂದಲೇ ವಾಪಸು. ತೂಕ ಹನ್ನೊಂದು ಕಿಲೋ ಇಳಿಯಿತು. ಸಮಿತಿ ಅದನ್ನೂ ರೋಲರಿನ ಹೆಸರಿಗೆ ಬರೆದುಕೊಂಡಿತು.

ನಮ್ಮ ಅಂಕಿಅಂಶ ಕಂಡು ಜಿಲ್ಲಾ ಆಸ್ಪತ್ರೆಯೂ ಆಗಸ್ಟಿನಲ್ಲಿ ಮುಖದ ನೋವನ್ನು ರದ್ದುಮಾಡಿತು. ಅಲ್ಲಿನ ನರರೋಗ ತಜ್ಞ ಗ್ಲೆಬ್ ಎಮಿಲ್ಯೆವಿಚ್ ಅವರನ್ನು ನಮ್ಮಲ್ಲಿಗೆ ರೋಲರ್ ತರಬೇತಿಗೆ ಕಳಿಸಿದರು. ಸಭಾಂಗಣದ ವೇದಿಕೆಯಲ್ಲಿ ಅವರನ್ನು ಮಾದರಿ ಫಲಾನುಭವಿ ಕಪಿತೊಲೀನಾ ಅವರ ಪಕ್ಕದಲ್ಲೇ ಕೂರಿಸಿದೆವು. ಡಾಕ್ಟರು ಬೆರಳ ತುದಿಯಿಂದ ಆಕೆಯ ಕೆನ್ನೆ ಮುಟ್ಟಿದರು. ಆಕೆ ಕುರ್ಚಿಯಲ್ಲೇ ಮುದುಡಿದರು.

"ಎಷ್ಟು ದಿನದಿಂದ ಅಮ್ಮಾ?" ಎಂದರು ಮೆಲ್ಲಗೆ.

"ಐದು ತಿಂಗ್ಳಾಯ್ತು. ನಿಮ್ಮನ್ನ ನೋಡೋಕೇ ಅಲೀತಿದ್ದೆ."

"ಇದು ನರದ್ದು. ಮೂವತ್ತು ವರ್ಷದಿಂದ ಇದಕ್ಕೆ ಮಾತ್ರೆ ಬರ್ಕೊಡ್ತಿದ್ದೆ. ಎಷ್ಟೋ ಜನ ವಾರದಲ್ಲೇ ಊಟ ಮಾಡ್ತಿದ್ರು."

"ಬರ್ಕೊಡಿ ಹಾಗಾದ್ರೆ."

"ಇವತ್ತು ನಾನು ತರಬೇತಿಗೆ ಬಂದವ್ನು. ಔಷಧಿ ಚೀಟಿ ಬರೆಯೋ ಪುಸ್ತಕ ಬಾಗಿಲಲ್ಲೇ ಇಸ್ಕೊಂಡ್ರು."

ಇಸಿದುಕೊಂಡವಳು ನಾನೇ. ನಿಯಮ.

"ಹೆಸರಾದ್ರೂ ಹೇಳಿ, ಅಂಗಡೀಲಿ ಕೇಳ್ತೀನಿ."

"ಚೀಟಿ ಇಲ್ದೆ ಕೊಡಲ್ಲ."

"ನಾಳೆ?"

"ನಾಳೆಯಿಂದ ನನ್ನನ್ನ ಚರ್ಮಪೋಷಣೆಗೆ ಹಾಕಿದಾರೆ."

ಮೊದಲ ಸಾಲಿನಲ್ಲಿ ಕೂತಿದ್ದ ರೊದಿಯೋನ್ ಸವೇಲ್ಯೆವಿಚ್ ಕೆಮ್ಮಿದರು. ಡಾಕ್ಟರು ಗಡಿಬಿಡಿಯಲ್ಲಿ ರೋಲರ್ ಎತ್ತಿ ತಮ್ಮದೇ ಕೆನ್ನೆಯ ಮೂಳೆಗೆ ಒತ್ತಿಕೊಂಡರು. ಕಪಿತೊಲೀನಾ ಡಾಕ್ಟರ ಮಣಿಕಟ್ಟು ಹಿಡಿದು ಸರಿಪಡಿಸಿದರು.

"ಹಾಗಲ್ಲ ಡಾಕ್ಟ್ರೇ. ಕಿವಿ ಹತ್ರದಿಂದ ಶುರು ಮಾಡಿ. ಹಲ್ಲು ಕಚ್ಕೊಳಿ. ಮೊದಮೊದ್ಲು ಹೀಗೇ, ಆಮೇಲೆ ಯಾರನ್ನೂ ಕೇಳ್ಬೇಕು ಅನ್ಸಲ್ಲ."

ಡಾಕ್ಟರು ಹೇಳಿದಂತೆ ಮಾಡಿದರು.