ಕೂಲರ್ ಸಾಹೇಬರ ದರ್ಬಾರು ಮತ್ತು ನನ್ನ ಅರ್ಧ ತಾಸು

ಮಾನ್ಯರೇ,

ರಾಯಚೂರಿನ ನಮ್ಮ ಮನೆಯ ಪಡಸಾಲೆಯ ಕಿಟಕಿಯಲ್ಲಿ ವಿರಾಜಮಾನರಾಗಿ, ಯುಗಾದಿಗೆ ಮೊದಲೇ ಅಧಿಕಾರ ವಹಿಸಿಕೊಂಡು ಮುಂಗಾರು ಬರುವವರೆಗೂ ಎಡೆಬಿಡದೆ ಗರ್ಜಿಸುವ ಕೂಲರ್ ಸಾಹೇಬರಾದ ತಮ್ಮ ಸನ್ನಿಧಿಗೆ ಈ ಮನೆಯ ಸೊಸೆ ಸಂಘಮಿತ್ರಾ ಮಾಡುವ ನಮಸ್ಕಾರಗಳು. ತಮ್ಮ ಪಂಪು ಕ್ಷೇಮವೆಂದೂ ಹುಲ್ಲಿನ ಪ್ಯಾಡುಗಳು ತೋಯ್ದು ತಂಪಾಗಿವೆಯೆಂದೂ ನಂಬಿದ್ದೇನೆ. ನನ್ನ ಕ್ಷೇಮ ಅಷ್ಟಕ್ಕಷ್ಟೇ ಆದ್ದರಿಂದ ಈ ಬಹಿರಂಗ ಪತ್ರ.

ಮೊದಲು ತಮ್ಮ ಗುಣಗಾನ ಮಾಡದೆ ದೂರು ಹೇಳುವುದು ಸಭ್ಯತೆಯಲ್ಲ. ಒಂದು ಕುಟುಂಬವನ್ನು ಒಂದೇ ಕೋಣೆಯಲ್ಲಿ ಕೂಡಿಸುವುದು ಹಿರಿಯರ ಬುದ್ಧಿಮಾತಿನಿಂದಲೂ ಆಗದ ಕೆಲಸ. ತಾವದನ್ನು ಒಂದು ಸ್ವಿಚ್ಚಿನಲ್ಲಿ ಸಾಧಿಸಿದ್ದೀರಿ. ಉಳಿದ ಕೋಣೆಗಳು ಕಾದ ಹಂಚಿನಂತಿರುವಾಗ ಅತ್ತೆ ಅಮರಮ್ಮ, ಮಾವ ವೆಂಕೋಬ, ಪತಿ ಅಮರೇಶ, ಇವರಲ್ಲದೆ ಆಸ್ಪತ್ರೆಗೋ ಕಚೇರಿಗೋ ಎಂದು ದೇವದುರ್ಗದಿಂದ ಬಂದ ನಮ್ಮ ಮಾವನ ಕಡೆಯ ಸಮಸ್ತರೂ ತಮ್ಮ ದರ್ಬಾರಿಗೇ ಬಂದು ಕೂರಬೇಕು. ತಮ್ಮ ಕಂಠವೂ ಘನವಾದದ್ದರಿಂದ, ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಕೇಳುವವರು ಕೂಡ ಭಾಷಣದ ದನಿಯಲ್ಲೇ ಕೇಳುತ್ತಾರೆ.

ಇನ್ನು ನನ್ನ ಅಹವಾಲು. ನಾನು ರೈಲ್ವೆ ಸ್ಟೇಷನ್ನಿನ ವಿಚಾರಣಾ ಕೌಂಟರಿನಲ್ಲಿ ಕೂರುವವಳು. ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ, ಬಂದ ಮೇಲೆ ಎಲ್ಲಿ ನಿಲ್ಲುತ್ತದೆ, ನಿಂತ ಮೇಲೆ ಯಾಕೆ ಹೊರಡುವುದಿಲ್ಲ ಎಂದು ಕನ್ನಡ, ತೆಲುಗು, ಉರ್ದು ಮೂರರಲ್ಲೂ ದಿನವಿಡೀ ಉತ್ತರ ಹೇಳಿ ಮನೆಗೆ ಬರುತ್ತೇನೆ. ಬಂದು ಚಪ್ಪಲಿ ಬಿಡುವಷ್ಟರಲ್ಲಿ ನನ್ನೊಳಗಿನ ಮಾತೆಲ್ಲ ಬರಿದಾಗಿರುತ್ತದೆ. ಸಿಟ್ಟಲ್ಲ, ದುಃಖವಲ್ಲ, ಸೊಕ್ಕಂತೂ ಅಲ್ಲವೇ ಅಲ್ಲ. ಅರ್ಧ ತಾಸು ಯಾರೂ ಮಾತಾಡಿಸದಿದ್ದರೆ ಮತ್ತೆ ಸರಿಹೋಗುತ್ತೇನೆ.

ಆ ಅರ್ಧ ತಾಸನ್ನು ಮೊದಲು ಕೊಡುತ್ತಿದ್ದವರೂ ತಾವೇ ಎಂಬುದನ್ನು ಮರೆತರೆ ನಾನು ಉಪಕಾರಗೇಡಿಯಾದೇನು. ತಮ್ಮ ಹೊಟ್ಟೆಗೆ ನೀರು ತುಂಬಬೇಕಾದರೆ ಹೊರಗಿನ ಸಂದಿಗೆ ಹೋಗಬೇಕು. ಆ ಬಿಸಿಲಿಗೆ ಬೆಕ್ಕು ಕೂಡ ಅಲ್ಲಿ ಸುಳಿಯುವುದಿಲ್ಲ. ನಾನು ನಳವನ್ನು ಸಣ್ಣಗೆ ಬಿಟ್ಟು, ಪೈಪು ಹಿಡಿದು, ತಾವು ತುಂಬುವ ತನಕ ಗೋಡೆ ನೋಡುತ್ತ ಸುಖವಾಗಿ ನಿಲ್ಲುತ್ತಿದ್ದೆ. ಇಂಥ ಕಷ್ಟಜೀವಿ ಸೊಸೆ ಎಲ್ಲಿ ಸಿಗುತ್ತಾಳೆ ಎಂದು ಓಣಿಯಲ್ಲೆಲ್ಲ ನನ್ನ ಹೆಸರಾಯಿತು.

ಆ ಹೆಸರೇ ನನಗೆ ಮುಳುವಾಯಿತು. ರೈಸ್ ಮಿಲ್ಲಿನಲ್ಲಿ ಮಷಿನು ನೋಡಿಕೊಳ್ಳುವ ನನ್ನ ಪತಿದೇವರು ಒಂದು ದಿನ ತಮಗೆ ತನ್ನಷ್ಟಕ್ಕೆ ತಾನೇ ನೀರು ತುಂಬುವ ನಳ ಜೋಡಿಸಿ, "ಇನ್ನ ಮ್ಯಾಲ ನೀ ಬಿಸಿಲಾಗ ನಿಂದರೂದು ಬ್ಯಾಡ ಸಂಘಾ, ನನಗ ನೋಡಾಕ ಆಗವಲ್ದು" ಎಂದರು. ನನ್ನ ಕಣ್ಣು ತುಂಬಿ ಬಂತು. ಅದನ್ನು ಆನಂದಬಾಷ್ಪವೆಂದು ತಿಳಿದ ಅತ್ತೆ ಎಲ್ಲರಿಗೂ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾಡಿ ಹಾಕಿದರು.

ಅಂದಿನಿಂದ ನಾನು ದರ್ಬಾರಿನ ನಡುವೆಯೇ ಸುಮ್ಮನೆ ಕೂರತೊಡಗಿದೆ. ಸುಮ್ಮನಿರುವವರಿಗೆ ನಮ್ಮ ಮನೆಯಲ್ಲಿ ಒಂದೇ ಔಷಧ: ಇನ್ನಷ್ಟು ಜನ. ಹುಡುಗಿಗೆ ಬೇಸರವಾಗಿದೆ ಎಂದು ಪಕ್ಕದ ಮನೆಯ ನೂರ್ ಬೀ ಅವರನ್ನು ಮಾತಾಡಿಸಲು ಕರೆಸಿದರು. ಗುಣ ಕಾಣದ್ದರಿಂದ ದೇವದುರ್ಗದಿಂದ ಚಿಕ್ಕತ್ತೆಯನ್ನು ತರಿಸಿದರು. ಅದಕ್ಕೂ ನಾನು ಬಗ್ಗದಿದ್ದಾಗ ಅತ್ತೆ ಹೆದರಿ ಮಾನ್ವಿಯಲ್ಲಿರುವ ನನ್ನ ತಾಯಿ ಉಮಾದೇವಿಗೆ ಫೋನು ಹಚ್ಚಿ, "ನಿಮ್ಮ ಮಗಳು ಬಾಯೇ ಬಿಡವಲ್ಲಳ್ರೀ, ನಾವೇನು ಕಡಿಮಿ ಮಾಡೀವಿ?" ಎಂದು ಅತ್ತರು.

ಮಾರನೆಯ ದಿನವೇ ಬಸ್ಸಿನಲ್ಲಿ ಬಂದಿಳಿದ ನನ್ನವ್ವ ನೀರು ಕೂಡ ಕುಡಿಯದೆ ನನ್ನನ್ನು ಅಡುಗೆಮನೆಗೆ ಎಳೆದೊಯ್ದು, "ಖರೇ ಹೇಳು ಯವ್ವಾ, ಹೊಡದಾರೇನು?" ಎಂದಳು. ಅದೇ ಹೊತ್ತಿಗೆ ಚಹದ ಲೋಟಕ್ಕೆಂದು ಬಂದ ಅತ್ತೆ ಬಾಗಿಲಲ್ಲೇ ನಿಂತುಬಿಟ್ಟರು. ಕೆಟ್ಟವರಲ್ಲದವರ ಮೇಲೆ ನನ್ನ ಮೌನ ಇಂಥ ಅಪವಾದ ಹೊರಿಸಿತ್ತು.

"ಯಾರೂ ಹೊಡದಿಲ್ಲ, ಬೈದಿಲ್ಲ. ನನ್ನ ಮಾತು ತೀರಿರ್ತಾವ ಅಷ್ಟ. ಅರ್ಧ ತಾಸು ಒಬ್ಬಾಕಿನ ಕುಂತ್ರ ಮತ್ತ ಬರ್ತಾವ" ಎಂದೆ. ನನ್ನವ್ವನಿಗೆ ಅರ್ಥವಾಗಲಿಲ್ಲ. ದೇವದುರ್ಗದ ಕಡೆಯ ಜಾಲಹಳ್ಳಿಯಲ್ಲಿ ಹಳ್ಳದ ಉಸುಕು ತೋಡಿ ನೀರು ಹೊತ್ತು ಬೆಳೆದ ಅತ್ತೆಗೆ ಅರ್ಥವಾಯಿತು. "ಒರತಿ ಬತ್ತಿದಾಗ ಕೊಡ ಮುಳುಗಿಸಿದ್ರ ರಾಡಿ ಬರ್ತದ್ರೀ. ತಡದ್ರ ತಾನ ಊರ್ತದ. ಇದನ್ನ ಮೊದಲ ಹೇಳಬಾರದೇನ ಹುಚ್ಚಿ!" ಎಂದು ನನ್ನ ತಲೆಗೆ ಮೊಟಕಿದರು.

ಈಗ ಸಂಜೆಯ ಅರ್ಧ ತಾಸು ಸಣ್ಣ ಕೋಣೆ ನನ್ನದೆಂದು ತೀರ್ಮಾನವಾಗಿದೆ. ಬಾಗಿಲಿಗೆ ಅತ್ತೆಯದೇ ಕಾವಲು. ಬಂದವರಿಗೆಲ್ಲ ಅವರು ಸಾಹೇಬರಾದ ತಮ್ಮ ಕಂಠವನ್ನೂ ಮೀರಿಸಿ, "ಒಳಗ ಸೊಸಿ ಸುಮ್ನ ಕುಂತಾಳ, ಯಾರೂ ಗದ್ದಲ ಮಾಡಬ್ಯಾಡ್ರಿ!" ಎಂದು ಕೂಗಿ ಹೇಳಿ, ಯಾಕೆ ಕುಂತಿದ್ದಾಳೆಂಬುದನ್ನು ಮೊದಲಿನಿಂದ ವಿವರಿಸುತ್ತಾರೆ. ಅಷ್ಟರಲ್ಲಿ ಅರ್ಧ ತಾಸು ಮುಗಿದಿರುತ್ತದೆ.

ಆದ್ದರಿಂದ ತಾವು ದಯವಿಟ್ಟು ಕಾಲು ಮೂಡಿಸಿಕೊಂಡು ಸಂಜೆಯ ಹೊತ್ತು ದರ್ಬಾರನ್ನು ಓಣಿಯ ತುದಿಯ ಬೇವಿನ ಕಟ್ಟೆಗೆ ಒಯ್ಯಬೇಕೆಂದೂ, ಬರುವಾಗ ಗಾಳಿಯೊಂದನ್ನೇ ತಂದು ಜನರನ್ನು ಅಲ್ಲಿಯೇ ಬಿಟ್ಟು ಬರಬೇಕೆಂದೂ ಕೋರುತ್ತೇನೆ.

ಇಷ್ಟು ಬರೆದು ನಿನ್ನೆ ಪತ್ರ ಮುಗಿಸುವವಳಿದ್ದೆ. ಪಡಸಾಲೆ ತುಂಬ ದೇವದುರ್ಗದವರಿದ್ದರು. ಬಾಗಿಲು ತೆರೆದು ಒಳಬಂದ ಅತ್ತೆ ಚಿಲಕ ಹಾಕಿ, ಬರಿ ನೆಲದ ಮೇಲೆ ಸೆರಗನ್ನು ತಲೆಗಿಟ್ಟು ಮಲಗಿದರು. ನಾನು ಗಾಬರಿಯಾಗಿ ಎದ್ದೆ. ಅವರು ಕಣ್ಣು ಮುಚ್ಚಿಕೊಂಡೇ, "ನನ್ನ ಮಾತೂ ತೀರ್ಯಾವ" ಎಂದರು. ನಿಮಗೂ ಅರ್ಧ ತಾಸು ಬೇಕೇ ಎಂದು ಇಷ್ಟು ವರ್ಷ ಈ ಮನೆಯಲ್ಲಿ ಅವರನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಸರಿದು ಜಾಗ ಮಾಡಿ ಪಕ್ಕದಲ್ಲಿ ಮಲಗಿದೆ.

ಬೆವರುತ್ತಲೂ ತಮ್ಮ ಏಳಿಗೆಯನ್ನೇ ಬಯಸುವ,
ತಮ್ಮ ವಿಶ್ವಾಸಿ,
ಸಂಘಮಿತ್ರಾ

ತಾ.ಕ.: ಅತ್ತೆ ಸೊಸೆ ಇಬ್ಬರೂ ಬೇಯುವುದನ್ನು ನೋಡಲಾರದೆ ಪತಿದೇವರು ಸಣ್ಣ ಕೋಣೆಗೂ ಒಂದು ಕೂಲರ್ ತರುತ್ತಾರಂತೆ. ಸುದ್ದಿ ಕೇಳಿದ ಮಾವನವರು ತಮ್ಮ ಮಂಚ ಅಲ್ಲಿ ಹಿಡಿಸುತ್ತದೆಯೇ ಎಂದು ಆಗಲೇ ಬಂದು ಅಳೆದುಕೊಂಡು ಹೋಗಿದ್ದಾರೆ. ಬರಲಿರುವ ತಮ್ಮ ಬಂಧುವಿಗೆ ಗಾಳಿ ಬೀಸದಂತೆ ತಾವೇ ಒಂದು ಮಾತು ಹೇಳಿದರೆ ಉಪಕಾರವಾದೀತು.