ಮೂವತ್ತು ಕಿಲೋದೊಳಗಿನ ಕಂಬಿ

ಗಲ್ಫಿನಲ್ಲಿ ಕೆಲವು ವರ್ಷ ಕಳೆದವರಿಗೆ ಒಂದು ಅಭ್ಯಾಸ ಅಂಟಿಕೊಳ್ಳುತ್ತದೆ. ಯಾವ ವಸ್ತುವನ್ನು ಕಂಡರೂ ಅದರ ಅಂದಚಂದಕ್ಕಿಂತ ಮೊದಲು ತೂಕ ಹೊಳೆಯುತ್ತದೆ. ಊರಿಗೆ ಹೋಗುವಾಗ ವಿಮಾನದವರು ಕೊಡುವ ಮೂವತ್ತು ಕಿಲೋದೊಳಗೆ ಅದು ಕೂರುತ್ತದೋ ಇಲ್ಲವೋ ಎನ್ನುವುದೇ ಪ್ರಶ್ನೆ. ಖಲೀಫಾ ಸಿಟಿಯ ನನ್ನ ಅಕ್ಕನ ಮನೆಯಲ್ಲಿ ದೇವರ ಪಟಕ್ಕೊಂದು ಮೊಳೆ, ಅದರ ಪಕ್ಕದಲ್ಲೇ ಲಗೇಜ್ ತೂಗುವ ಕೊಕ್ಕೆಯ ತಕ್ಕಡಿಗೆ ಇನ್ನೊಂದು ಮೊಳೆ. ನನ್ನ ಭಾವ ಒಮ್ಮೆ ಗೆಳೆಯರ ಆರು ತಿಂಗಳ ಮಗುವನ್ನು ಎತ್ತಿಕೊಂಡು, "ಏಳು ಕಿಲೋ ಉಂಟು, ಹ್ಯಾಂಡ್ ಬ್ಯಾಗಿಗೆ ಸರಿಯಾಯ್ತು" ಎಂದಿದ್ದರು. ಮಗುವಿನ ತಾಯಿ ಆಮೇಲೆ ನಮ್ಮ ಮನೆಗೆ ಬಂದೇ ಇಲ್ಲ. ನಾನು ಇದೇ ಮನೆಯಲ್ಲಿದ್ದುಕೊಂಡು ಆಫೀಸಿಗೆ ಹೋಗುವವಳು. ದಿನಚರಿ ಬರೆಯುವ, ಕಂಡದ್ದಕ್ಕೆಲ್ಲ ದಿನಾಂಕ ಹಾಕಿ ಲೆಕ್ಕ ಇಡುವ ಚಟ ನನಗೆ ಮೊದಲೇ ಇತ್ತು. ಅದರ ಜೊತೆಗೆ ಈ ತಕ್ಕಡಿಯೂ ಸೇರಿದರೆ ಏನಾಗುತ್ತದೆ ಎನ್ನುವುದು ಈ ಚಳಿಗಾಲದಲ್ಲಿ ಗೊತ್ತಾಯಿತು.

ದುಬೈನ ಒಂದು ಮಾಲಿನೊಳಗೆ ಹಿಮದ ಗುಡ್ಡವಿದೆ. ಹೊರಗೆ ಜನ ಬೆವರೊರೆಸಿಕೊಳ್ಳುತ್ತಿರುವಾಗ ಒಳಗೆ ಬಾಡಿಗೆ ಜಾಕೆಟ್ ತೊಟ್ಟು ನಡುಗಬಹುದು. ಆಫೀಸಿನವರ ಜೊತೆ ಒಮ್ಮೆ ಹೋದವಳು ಕಾಲಿಗೆ ಹಲಗೆ ಕಟ್ಟಿಕೊಂಡು ಜಾರುವುದರ ರುಚಿ ಹತ್ತಿ ಮತ್ತೆ ಮತ್ತೆ ಹೋದೆ. ಎದುರಿಗೆ ಯಾರೂ ಇಲ್ಲದಿದ್ದರೆ ಬೀಳದೆ ಇಳಿಯುವಷ್ಟು ಕಲಿತೆ. ಅಲ್ಲಿನ ಒಂದು ಮೂಲೆಯಲ್ಲಿ, ಕಾಲುಗಳ ಮೇಲೆ ನಿಲ್ಲಿಸಿದ ಉದ್ದನೆಯ ಲೋಹದ ಕಂಬಿಯೊಂದಿತ್ತು. ಬಲ್ಲವರು ಹಲಗೆ ಸಮೇತ ಅದರ ಮೇಲೆ ಹಾರಿ, ಅಡ್ಡಡ್ಡಲಾಗಿ ಸುಯ್ಯೆಂದು ಜಾರಿ, ಕೆಳಗೆ ನೆಗೆಯುತ್ತಿದ್ದರು. ನನಗೆ ಪ್ರವೇಶವಿರಲಿಲ್ಲ, "ಮುಂದೆ ನೋಡೋಣ" ಎಂದರು ಅಲ್ಲಿ ಕಲಿಸುವವರು. ಅಷ್ಟು ಸಪೂರದ ಕಂಬಿಯ ಮೇಲೆ ಮನುಷ್ಯ ನಿಲ್ಲುವುದಾದರೂ ಹೇಗೆ ಎಂಬ ಪ್ರಶ್ನೆ ತಲೆಯೊಳಗೆ ಕೂತಿತು. ಮನೆಗೆ ಬಂದು ವಿಡಿಯೋಗಳನ್ನು ನೋಡಿದೆ. ಹಿಮದ ದೇಶಗಳಲ್ಲಿ ಗಾಳಿಪಟ ಎಳೆದತ್ತ ಹಲಗೆಯ ಮೇಲೆ ಜಾರುತ್ತಾ ಹೋಗುವ ಜನರಿದ್ದಾರೆ. ಅವರು ತಾವೇ ಮಾಡಿಕೊಂಡ ಕಂಬಿಯನ್ನು ಬಿಚ್ಚಿ ಕಾರಿನಲ್ಲಿ ಒಯ್ದು, ಬೇಕಾದಲ್ಲಿ ಜೋಡಿಸಿ, ಅದರ ಕಾಲುಗಳನ್ನು ಹಿಮದಲ್ಲಿ ಹೂತು ನಿಲ್ಲಿಸುತ್ತಾರೆ. ನನ್ನ ಹತ್ತಿರ ಹಿಮವಿಲ್ಲ. ಆದರೆ ಹಲಗೆ ಹಾಕಿ ಜಾರುವುದಕ್ಕೆ ಮರಳಿನ ದಿಬ್ಬಗಳಿಗೆ ಇಲ್ಲಿ ಬರಗಾಲವೇ?

ಆಫೀಸಿನ ಗೆಳತಿ ಸಮೀರಾ ಭಟ್ಕಳದವಳು. ಅವಳ ಮಾಮನಿಗೆ ದುಬೈನ ದೇರಾದಲ್ಲಿ ಹಾರ್ಡ್‌ವೇರ್ ಅಂಗಡಿ. "ಪೈಪ್ ನಾನು ಕೊಡಿಸ್ತೇನೆ. ಆದ್ರೆ ಬಿದ್ದು ಹಲ್ಲು ಮುರಿದ್ರೆ ನಮ್ಮ ಮಾಮನ ಹೆಸರು ಹೇಳ್ಬೇಡ, ಹಾಂ" ಎಂದಳು. ಅಲ್ಯೂಮಿನಿಯಂ ಪೈಪು ತಂದು ಮೂರು ತುಂಡು ಮಾಡಿಸಿ, ಒಂದರೊಳಗೊಂದು ಸೇರುವಂತೆ ಜೋಡಿಸಿ, ನಾಲ್ಕು ಕಾಲು ಕೊಟ್ಟು, ಕಾಲುಗಳಡಿಗೆ ಚಪ್ಪಟೆ ತಗಡು ಹಾಕಿಸಿದೆ. ಪ್ರತಿಯೊಂದು ತುಂಡನ್ನೂ ಕೊಕ್ಕೆಗೆ ನೇತುಹಾಕಿ ತೂಗಿದೆ. ಹೊತ್ತೊಯ್ಯುವ ಕಂಬಿ ಎಂದ ಮೇಲೆ ಹಗುರವೇ ಅದರ ಮುಖ್ಯ ಗುಣ ಎಂದು ನನ್ನ ನಂಬಿಕೆ. ಹೆಚ್ಚಾದಲ್ಲಿ ಕತ್ತರಿಸಿದೆ, ಕತ್ತರಿಸಲಾಗದಲ್ಲಿ ತೂತು ಕೊರೆದೆ. ಕೊನೆಗೆ ಭಾವ ತಕ್ಕಡಿಯ ಮುಳ್ಳು ನೋಡಿ ಹಿಗ್ಗಿದರು.

"ಹದಿನೆಂಟು ಕಿಲೋ! ಇನ್ನು ಹನ್ನೆರಡು ಕಿಲೋ ಖರ್ಜೂರ ಹಾಕ್ಬಹುದು."

"ಇದನ್ನು ಊರಿಗೆ ಒಯ್ಯುವುದಲ್ಲ ಭಾವ."

"ಒಯ್ಯದಿದ್ರೆ ಬೇಡ. ಆದ್ರೆ ಜಾಗ ಉಂಟಲ್ಲ?"

ಅಕ್ಕನ ಲೆಕ್ಕದಲ್ಲಿ ಮಾತ್ರ ಅದಕ್ಕೆ ಮನೆಯಲ್ಲಿ ಜಾಗ ಇರಲಿಲ್ಲ. ಭಾವನ ತಾಯಿ ವಿಸಿಟ್ ವೀಸಾದಲ್ಲಿ ಬರುವವರಿದ್ದರು. ಅವರು ಮಲಗಬೇಕಾದದ್ದು ನನ್ನ ಕೋಣೆಯಲ್ಲಿ. ಕಂಬಿ ಆಗಲೇ ಆ ಕೋಣೆಯ ಅರ್ಧದಷ್ಟು ಮಲಗಿತ್ತು. "ನೋಡು, ಅತ್ತೆ ಬರುವುದರೊಳಗೆ ಈ ತುದಿಯಿಂದ ಆ ತುದಿಗೆ ಒಂದು ಸಲ ಜಾರಿ ತೋರಿಸು. ತೋರಿಸಿದ್ರೆ ಮಂಚದಡಿ ಇಟ್ಕೊ, ನಾನು ಮಾತಾಡುದಿಲ್ಲ. ಇಲ್ಲದಿದ್ರೆ ಖಲಾಸ್, ಗುಜರಿಗೆ" ಎಂದು ಅಕ್ಕ ಶರತ್ತು ಹಾಕಿದಳು. ನನ್ನ ಮೂರು ತಿಂಗಳ ಸಂಜೆಗಳು ಆ ಪೈಪಿನೊಳಗಿದ್ದವು. ಒಪ್ಪಿಕೊಂಡೆ.

ಮರುದಿನ ಶನಿವಾರ. ಬೆಳಿಗ್ಗೆಯೇ ನಾನು, ಅಕ್ಕ, ಭಾವ ದಿಬ್ಬಕ್ಕೆ ಹೋದೆವು. ಇಳಿಜಾರಿನಲ್ಲಿ ಕಂಬಿ ಜೋಡಿಸಿದೆ. ಯಾರೋ ಮಾರಿದ ಹಳೆಯ ಹಲಗೆಯನ್ನು ಕಾಲಿಗೆ ಕಟ್ಟಿ, ದೇವರ ಹೆಸರು ಹೇಳಿ, ಮೇಲಿಂದ ಬಂದು ಹತ್ತಿದೆ. ಹತ್ತಿದ್ದು ಸರಿಯಾಗಿಯೇ ಇತ್ತು. ಆದರೆ ನಾನು ಹತ್ತಿದ ಕೂಡಲೇ ಕಂಬಿ ಹೊರಟಿತು. ನನ್ನನ್ನು ಮರಳಿನ ಮೇಲೆ ಬಿಟ್ಟು, ಚಪ್ಪಟೆ ಪಾದಗಳ ಮೇಲೆ ಬಹಳ ಗಂಭೀರವಾಗಿ ಜಾರುತ್ತಾ ದಿಬ್ಬದ ಬುಡದವರೆಗೂ ಇಳಿದು ನಿಂತಿತು. ಭಾವ ಚಪ್ಪಾಳೆ ತಟ್ಟಿದರು. ಅಕ್ಕ, "ಅದಕ್ಕೆ ಬರ್ತದೆ ಮಾರಾಯ್ತಿ, ನಿನಗೇ ಬರುದಿಲ್ಲ" ಎಂದಳು. ಆ ದಿನದ ದಿನಚರಿಯಲ್ಲಿ ಹೀಗಿದೆ: ಜಾರಿದ್ದು, ಕಂಬಿ ಒಂದು ಸಲ, ನಾನು ಇಲ್ಲ.

ಸೋತ ಬೇಸರಕ್ಕಿಂತ ಅದು ಯಾಕೆ ಹೋಯಿತೆಂಬ ಕುತೂಹಲವೇ ಹೆಚ್ಚಾಯಿತು. ಅಕ್ಕ ಇಲ್ಲದಾಗ ದೊಡ್ಡ ತಟ್ಟೆಯಲ್ಲಿ ರವೆ ಸುರಿದು, ಓರೆ ಮಾಡಿ, ದಿಬ್ಬ ಮಾಡಿಕೊಂಡೆ. ಚಮಚವನ್ನು ನೆಟ್ಟರೆ ರವೆ ಸರಿದು ಚಮಚ ವಾಲಿತು. ಹಿಮ ಒತ್ತಿದರೆ ಗಟ್ಟಿಯಾಗುತ್ತದೆ. ಒಣ ರವೆ ಯಾರ ಮಾತಿಗೂ ಗಟ್ಟಿಯಾಗುವುದಿಲ್ಲ. ಬಟ್ಟಲನ್ನು ಕವುಚಿಟ್ಟು ಬೆರಳಿನಿಂದ ಮೀಟಿದರೆ ಜಾರಿ ಹೋಯಿತು. ಅದೇ ಬಟ್ಟಲಿನ ಮೇಲೆ ಒರಳಿನ ಗುಂಡನ್ನಿಟ್ಟು ಮೀಟಿದೆ. ಅಲ್ಲಾಡಲಿಲ್ಲ. ಅಷ್ಟರಲ್ಲಿ ಅಕ್ಕ ಬಾಗಿಲಲ್ಲಿ ನಿಂತಿದ್ದಳು. "ನಾಳೆಯ ಉಪ್ಪಿಟ್ಟಿನ ರವೆ ಅದು! ಎಂತ ಮಾಡ್ತಾ ಇದ್ದೀ ನೀನು?"

"ತೂಕ ಸಾಲದು ಅಕ್ಕ."

"ಉಪ್ಪಿಟ್ಟಿಗಾ?"

ತೂಕ ಬೇಕು, ಆದರೆ ಅದನ್ನು ಹೊತ್ತೊಯ್ಯುವಂತಿರಬಾರದು. ಎರಡು ದಿನ ಈ ಒಗಟಿನ ಸುತ್ತ ತಿರುಗಿದೆ. ಮೂರನೆಯ ದಿನ ಸಿಂಕಿನಡಿಯಲ್ಲಿ ಅಕ್ಕ ಮಡಚಿಟ್ಟಿದ್ದ, ಜಿಪ್ಪೂ ಹಿಡಿಕೆಯೂ ಇರುವ ಬಾಸ್ಮತಿ ಅಕ್ಕಿಯ ಖಾಲಿ ಚೀಲಗಳು ಕಂಡವು. ಮರಳು ಅಲ್ಲೇ ಇದೆಯಲ್ಲ! ಚೀಲ ಒಯ್ದು, ಅಲ್ಲೇ ತುಂಬಿ, ಕಾಲಿಗೊಂದರಂತೆ ಹೇರಿದರಾಯಿತು. ಒಂದೊಂದು ಚೀಲವನ್ನೂ ಊರಿನ ಯಾರಯಾರಿಗೋ ಕೊಡುವುದೆಂದು ಇಟ್ಟಿದ್ದ ಅಕ್ಕ, ಉಗುರು ಕಿತ್ತು ಕೊಟ್ಟವಳಂತೆ ನಾಲ್ಕನ್ನು ಕೊಟ್ಟಳು.

ಮುಂದಿನ ಶನಿವಾರವೇ ಕೊನೆಯ ಅವಕಾಶ. ಅಂದು ಸಂಜೆಗೆ ಅತ್ತೆಯ ವಿಮಾನ. ಚೀಲ ಹೇರಿದ ಮೇಲೆ ಭಾವ ಕಂಬಿಯನ್ನು ಒದ್ದು ನೋಡಿ ಕಾಲು ಹಿಡಿದುಕೊಂಡು ಕೂತರು. ಅಷ್ಟು ಭದ್ರ. ನಾನು ಮೇಲಿಂದ ಬಂದೆ, ಹತ್ತಿದೆ, ಜಾರಿದೆ, ನಡುವಿನಲ್ಲಿ ನಿಂತೆ. ಕಂಬಿಗೆ ಅಂಟಿದ ಮರಳು ಹಲಗೆಯನ್ನು ಹಿಡಿದುಬಿಟ್ಟಿತ್ತು. ಈಗ ಕಂಬಿಯೂ ಹೋಗುತ್ತಿಲ್ಲ, ನಾನೂ ಹೋಗುತ್ತಿಲ್ಲ. ಕೈ ಚಾಚಿಕೊಂಡು ಬಟ್ಟೆ ಅಂಗಡಿಯ ಬೊಂಬೆಯಂತೆ ನಿಂತೇ ಇದ್ದೆ. ಆಗ ಅಕ್ಕ ಚಪ್ಪಲಿ ಬಿಟ್ಟು ದಿಬ್ಬ ಹತ್ತಿ ಬಂದವಳು, ನನ್ನ ಬೆನ್ನಿಗೆ ಕೈಯಿಟ್ಟು ದೂಡಿದಳು. ತುದಿಯವರೆಗೂ ಜಾರಿ ಮಕಾಡೆ ಬಿದ್ದೆ. ಬಾಯಿಯ ಮರಳು ಉಗುಳಿ, "ಇದು ಲೆಕ್ಕಕ್ಕುಂಟಾ?" ಎಂದು ಕೇಳಿದೆ.

"ಜಾರ್ಬೇಕು ಅಂತ ಹೇಳಿದ್ದು. ದೂಡ್ಬಾರ್ದು ಅಂತ ಹೇಳ್ಲಿಲ್ಲ" ಎಂದಳು ಅಕ್ಕ. "ನೀನು ಸೈಕಲ್ ಕಲ್ತದ್ದೂ ಹಾಗೇ ಅಲ್ವಾ?"

ಆ ಸಂಭ್ರಮದಲ್ಲಿ ಸಾಮಾನು ಕಟ್ಟುವಾಗ ನಾನು ಮರಳಿನ ಮೇಲೆ ಕೂತು ಪಟ್ಟಿ ಓದಿದೆ: ಪೈಪು ಮೂರು, ಕಾಲು ನಾಲ್ಕು, ಹಲಗೆ ಒಂದು, ಚೀಲ ನಾಲ್ಕು. ಪಟ್ಟಿಯನ್ನು ಎಂದೂ ಪ್ರಶ್ನಿಸದ ಭಾವ ಏದುಸಿರು ಬಿಡುತ್ತಾ ಎಲ್ಲವನ್ನೂ ಕಾರಿಗೇರಿಸಿದರು. ಮನೆಗೆ ಬಂದ ಮೇಲೆ ಅಕ್ಕಿ ಚೀಲದ ಜಾಗ ಅಡುಗೆಮನೆ ಎಂದು ಅಲ್ಲಿಗೇ ಒಯ್ದಿಟ್ಟರು. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದ ಅತ್ತೆ, ಗಂಜಿಗೆ ನೀರಿಟ್ಟು, ಚೀಲದ ಜಿಪ್ಪು ಬಿಚ್ಚಿ, ಪಾವಿನಲ್ಲಿ ಮೊಗೆದು, ಬಂದ ಮರಳನ್ನು ಬಹಳ ಹೊತ್ತು ನೋಡಿದರಂತೆ. ನಾನು ಎದ್ದು ಬಂದಾಗ ಮೆಲ್ಲಗೆ ಕೇಳಿದರು:

"ಮಗಾ, ಈ ಊರಲ್ಲಿ ಹೊಯಿಗೆಯನ್ನೂ ಅಂಗಡಿಯಿಂದ ತರ್ಬೇಕಾ?"

ಕಂಬಿ ಮಂಚದಡಿ ಕ್ಷೇಮವಾಗಿದೆ. ಚೀಲಗಳನ್ನು ವಾಪಸು ಒಯ್ಯುವ ಮೊದಲು ಅಭ್ಯಾಸಬಲದಿಂದ ಕೊಕ್ಕೆಗೆ ಹಾಕಿ ನೋಡಿದೆ. ಒಂದೊಂದೂ ಕಂಬಿಗಿಂತ ಭಾರ. ಮರುಭೂಮಿಗೆ ಒಯ್ಯಲು ಹಗುರವಾಗಲಿ ಎಂದು ಕಂಬಿಗೆ ತೂತು ಕೊರೆದವಳು, ಮರುಭೂಮಿಯನ್ನೇ ಪಟ್ಟಿ ಮಾಡಿ ಮನೆಗೆ ಹೊತ್ತು ತಂದಿದ್ದೆ.